ಹೊಳೆಸಾಲಿನಿಂದ ಬಂದ ಹಿರಿಯನ ಜಾಡು

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಒಕ್ಕಲುತನದ ಮನೆತನ. ನಮ್ಮ ಮುತ್ತಜ್ಜನ ತಂದೆ ಬರಗಾಲದಲ್ಲಿ ಬೇರೆ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆಸಿದರೆಂದು ಹಿರಿಯರು ಹೇಳುತ್ತಿದ್ದರು. ಎಲ್ಲಿಂದ ಬಂದರು, ಅವರ ತಂದೆ ಯಾರು ಎಂಬುದು ಈಗ ಇರುವ ಯಾರಿಗೂ ಗೊತ್ತಿಲ್ಲ. ಅವರ ಹೆಸರು ಕೊಟ್ರಪ್ಪ. ನಮ್ಮ ತಾತನ ಹೆಸರೂ ಅದೇ. ಊರಿನವರು ನಮ್ಮ ಮನೆಯನ್ನು ಇಂದಿಗೂ ‘ಹೊಳೆಸಾಲಿನವರ ಮನೆ’ ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಎತ್ತಿನ ಮೇಲೆ ಹೆಳವರು ಬಂದು ನಮ್ಮ ವಂಶ ಹೇಳುತ್ತಿದ್ದುದು ನೆನಪಿದೆ. ಮೂವತ್ತು ವರ್ಷಗಳಿಂದ ಅವರು ಬಂದಿಲ್ಲ. ಈಚೆಗೆ ಹರಪನಹಳ್ಳಿ ತಾಲ್ಲೂಕಿನ ಒಂದು ಮನೆತನದ ವಂಶವೃಕ್ಷದಲ್ಲಿ ಕೊಟ್ರಪ್ಪ ಎಂಬ ಹೆಸರು ಕಂಡಿತು. ಅವರೇ ನಮ್ಮ ಹಿರಿಯರೆಂದು ತೀರ್ಮಾನಿಸಬಹುದೇ? ಮುಂದೆ ಯಾವ ದಾಖಲೆಗಳನ್ನು ನೋಡಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಸದ್ಯಕ್ಕೆ ‘ಇಲ್ಲ’ ಎಂದೇ ಉತ್ತರಿಸಬೇಕಾಗಿದೆ. ಕೊಟ್ಟೂರಿನ ಕೊಟ್ಟೂರೇಶ್ವರನಿಗೆ ನಡೆದುಕೊಳ್ಳುವ ಸೀಮೆಯಲ್ಲಿ ಕೊಟ್ರಪ್ಪ ಎಂಬ ಹೆಸರು ಊರಿಗೆ ನಾಲ್ಕಾರು ಮನೆಗಳಲ್ಲಿ ಸಿಗುತ್ತದೆ. ಹೆಸರೊಂದು ಹೊಂದಿತೆಂಬ ಕಾರಣಕ್ಕೆ ಎರಡು ಮನೆತನಗಳನ್ನು ಜೋಡಿಸಿದರೆ, ಅಲ್ಲಿಂದ ಮೇಲಕ್ಕೆ ನೀವು ಬರೆಯುವ ಪ್ರತಿಯೊಂದು ತಲೆಮಾರೂ ಬೇರೊಬ್ಬರದಾಗಿರುತ್ತದೆ, ಮತ್ತು ಒಮ್ಮೆ ಅಚ್ಚಾದ ವಂಶವೃಕ್ಷವನ್ನು ತಿದ್ದುವುದು ಬಹಳ ಕಷ್ಟ. ಆದರೆ ನಿಮ್ಮ ಪತ್ರದಲ್ಲಿ ಒಳ್ಳೆಯ ಸುಳಿವುಗಳಿವೆ. ಮನೆಯ ಅಡ್ಡಹೆಸರು, ಹಿರಿಯರ ಹೆಸರು, ಬರಗಾಲದ ನೆನಪು ಮತ್ತು ಹೆಳವರು, ಈ ನಾಲ್ಕನ್ನೂ ಸರಿಯಾದ ಕ್ರಮದಲ್ಲಿ ಬಳಸಿದರೆ ಆ ಹಿರಿಯರ ಊರನ್ನು ತಲುಪುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಕಡೆಯ ಹಳೆಯ ದಾಖಲೆಗಳು ವ್ಯಕ್ತಿಯನ್ನು ಹಿಂಬಾಲಿಸುವುದಿಲ್ಲ. ಅವು ಜಮೀನನ್ನು, ಊರಿನ ಹುದ್ದೆಯನ್ನು ಮತ್ತು ಪೂಜೆಯ ಹಕ್ಕನ್ನು ಹಿಂಬಾಲಿಸುತ್ತವೆ. ಮೈಸೂರು ಸಂಸ್ಥಾನದಲ್ಲಿ 1871ರಿಂದ ಜನಗಣತಿ ನಡೆದಿದ್ದರೂ ಮನೆಮನೆಯ ಹೆಸರುಗಳಿದ್ದ ಹಾಳೆಗಳನ್ನು ಉಳಿಸಲಿಲ್ಲ, ಒಟ್ಟು ಅಂಕಿಗಳು ಮಾತ್ರ ಅಚ್ಚಾಗಿ ಉಳಿದಿವೆ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಹಳ್ಳಿಯ ನೋಂದಣಿ ಉಳಿದಿರುವುದು ಅಲ್ಲಲ್ಲಿ ಮಾತ್ರ. ಆದ್ದರಿಂದ ಕೊಟ್ರಪ್ಪನವರ ಹೆಸರನ್ನು ಹುಡುಕುತ್ತಾ ಕಚೇರಿಯಿಂದ ಕಚೇರಿಗೆ ಅಲೆದರೆ ಏನೂ ಸಿಗುವುದಿಲ್ಲ. ಅವರು ಉತ್ತ ಹೊಲವನ್ನೂ ಆ ಹೊಲದ ಸುತ್ತಲಿನ ಜನರನ್ನೂ ಹುಡುಕಬೇಕು, ಆಗ ಅವರು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ.

ಕಚೇರಿಗೆ ಹೋಗುವ ಮುನ್ನ ಮನೆಯೊಳಗಿನ ಕೆಲಸ ಮುಗಿಯಬೇಕು. ‘ಹೊಳೆಸಾಲಿನವರು’ ಎಂಬ ಹೆಸರನ್ನು ನಿಮಗೆ ಇಟ್ಟವರು ನೆರೆಹೊರೆಯವರು, ಆದ್ದರಿಂದ ಅದು ನಂಬಿಕೆಗೆ ಯೋಗ್ಯವಾದ ಸಾಕ್ಷ್ಯ. ಹೊಸದಾಗಿ ಬಂದವರನ್ನು ಅವರು ಬಂದ ಕಡೆಯ ಹೆಸರಿನಿಂದ ಕರೆಯುವುದು ನಮ್ಮ ಹಳ್ಳಿಗಳ ರೂಢಿ. ಆದರೆ ಯಾವ ಹೊಳೆ? ನಿಮ್ಮ ತಾಲ್ಲೂಕಿನಲ್ಲಿಯೇ ವೇದಾವತಿ ಹರಿಯುತ್ತದೆ, ಅದರ ದಂಡೆಯ ಊರಿನಿಂದ ಹತ್ತು ಮೈಲಿ ಸರಿದು ಬಂದವರನ್ನೂ ಹಾಗೆ ಕರೆದಿರಬಹುದು. ತುಂಗಭದ್ರೆಯೇ ಎಂದು ಹೇಳಲು ಬೇರೆ ಆಧಾರ ಬೇಕು, ಮತ್ತು ಆ ಆಧಾರದ ಮೊದಲ ಎಳೆ ಕೊಟ್ರಪ್ಪ ಎಂಬ ಹೆಸರಿನಲ್ಲಿಯೇ ಇದೆ. ಕೊಟ್ಟೂರು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಅದರ ಪಶ್ಚಿಮಕ್ಕಿರುವ ಹರಪನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹೆಸರು ಮತ್ತು ಹೊಳೆ ಎರಡೂ ಒಟ್ಟಿಗೆ ಹೊಂದುವ ಪ್ರದೇಶ ಅದು. ಇದು ರುಜುವಾತಲ್ಲ, ಆದರೆ ಹುಡುಕಾಟಕ್ಕೆ ಒಂದು ದಿಕ್ಕು ಸಿಕ್ಕಂತಾಯಿತು.

ಎರಡನೆಯ ಎಳೆ ಮನೆದೇವರು. ಮೈಲಾರಲಿಂಗ, ಸವದತ್ತಿಯ ಎಲ್ಲಮ್ಮ, ತಿರುಪತಿಯ ತಿಮ್ಮಪ್ಪನಂತಹ ದೊಡ್ಡ ದೇವರುಗಳಿಗೆ ಹತ್ತಾರು ಜಿಲ್ಲೆಗಳ ಒಕ್ಕಲು ಇರುವುದರಿಂದ ಅವುಗಳಿಂದ ಊರು ಗೊತ್ತಾಗುವುದಿಲ್ಲ. ನಿಮ್ಮ ಮನೆಯವರು ದೊಡ್ಡ ದೇವರ ಜೊತೆಗೆ ಹೊರಗಿನವರು ಕೇಳಿರದ ಸಣ್ಣ ಊರಿನ ಅಮ್ಮನಿಗೋ ಕಟ್ಟೆಯ ದೇವರಿಗೋ ಹರಕೆ ಸಲ್ಲಿಸುತ್ತಿದ್ದರೆ, ಮಕ್ಕಳ ಮೊದಲ ಕೂದಲನ್ನು ಅಲ್ಲಿ ತೆಗೆಸುತ್ತಿದ್ದರೆ, ಆ ಊರು ಬಹಳ ಮುಖ್ಯವಾದದ್ದು. ಬೆಡಗಿನ, ಅಂದರೆ ಕುಲದೊಳಗಿನ ನಿಮ್ಮ ವಂಶಪಂಗಡದ, ಹೆಸರನ್ನೂ ಕೇಳಿಟ್ಟುಕೊಳ್ಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರಾದ್ದರಿಂದ, ಬೆಡಗು ಬೇರೆಯಾದರೆ ಉಳಿದೆಲ್ಲ ಹೋಲಿಕೆಗಳೂ ಅಲ್ಲಿಗೇ ನಿಲ್ಲುತ್ತವೆ.

ಮೂರನೆಯ ಎಳೆಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟಿರುವುದು ಅದೇ. ನಿಮ್ಮ ಮನೆಗೆ ಸೊಸೆಯರಾಗಿ ಬಂದವರ ತವರೂರುಗಳನ್ನು ಪಟ್ಟಿ ಮಾಡಿ. ವಲಸೆ ಬಂದ ಮನೆತನವು ಹೊಸ ಊರಿನಲ್ಲಿ ಬೇರೂರುವವರೆಗೆ, ಸಾಮಾನ್ಯವಾಗಿ ಎರಡು ತಲೆಮಾರುಗಳ ಕಾಲ, ಹೆಣ್ಣು ತರುವುದಕ್ಕೂ ಕೊಡುವುದಕ್ಕೂ ಹಳೆಯ ಸೀಮೆಗೇ ಹೋಗುತ್ತದೆ. ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯಿದ್ದ ಮನೆಗಳಲ್ಲಿ ಈ ನಂಟು ಇನ್ನೂ ದೀರ್ಘಕಾಲ ಉಳಿಯುತ್ತದೆ. ಗಂಡಸರ ಪಟ್ಟಿಯಲ್ಲಿ ಕಳೆದುಹೋದ ಊರು ಮುತ್ತಜ್ಜಿಯ ತವರಿನ ಹೆಸರಿನಲ್ಲಿ ಉಳಿದುಕೊಂಡಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ನಿಮ್ಮ ಮನೆಯ ಹಿರಿಯ ಹೆಂಗಸರು, ವಿಶೇಷವಾಗಿ ಮದುವೆಯಾಗಿ ಹೊರಗೆ ಹೋಗಿರುವ ಸೋದರತ್ತೆಯರು, ಈ ವಿಷಯದಲ್ಲಿ ಗಂಡಸರಿಗಿಂತ ಹೆಚ್ಚು ನೆನಪಿಟ್ಟುಕೊಂಡಿರುತ್ತಾರೆ. ಅವರನ್ನು ಈ ತಿಂಗಳೇ ಹೋಗಿ ಕಾಣಿ, ಕಚೇರಿಯ ಕಾಗದಗಳು ಇನ್ನೊಂದು ವರ್ಷ ಕಾದರೂ ತೊಂದರೆಯಿಲ್ಲ.

ಇನ್ನು ಕಾಲದ ವಿಚಾರ. ‘ಬರದಲ್ಲಿ ಬಂದರು’ ಎಂಬ ಮಾತು ನಮ್ಮ ಭಾಗದಲ್ಲಿ ಹೆಚ್ಚಾಗಿ 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ಸೂಚಿಸುತ್ತದೆ. ಆ ಬರದ ಭೀಕರತೆಯನ್ನು ಎರಡು ಅಂಕಿಗಳಿಂದಲೇ ತಿಳಿಯಬಹುದು: ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಪಕ್ಕದ ಬಳ್ಳಾರಿ ಜಿಲ್ಲೆಯೂ ಅಷ್ಟೇ ತೀವ್ರವಾಗಿ ನರಳಿತು. ಎಷ್ಟೋ ವಂಶಗಳು ಅಲ್ಲಿಗೇ ನಿಂತುಹೋದವು, ಎಷ್ಟೋ ಮನೆತನಗಳು ಊರು ಬಿಟ್ಟವು. ನಿಮ್ಮ ಹಿರಿಯರು ಆಗ ಬಂದವರೇ ಎಂಬುದನ್ನು ತಲೆಮಾರುಗಳ ಲೆಕ್ಕದಿಂದ ಪರೀಕ್ಷಿಸಬಹುದು. ಒಂದು ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷ ಹಿಡಿದು, ನಿಮ್ಮ ತಾತ ಹುಟ್ಟಿದ ವರ್ಷದಿಂದ ಎರಡು ತಲೆಮಾರು ಹಿಂದಕ್ಕೆ ಎಣಿಸಿ. ತಾತ 1908ರ ಸುಮಾರಿಗೆ ಹುಟ್ಟಿದವರಾದರೆ ಅವರ ತಾತ 1850ರ ಆಸುಪಾಸಿನವರು. ಧಾತು ಈಶ್ವರ ಬರದ ಹೊತ್ತಿಗೆ ಇಪ್ಪತ್ತೈದರ ಹರೆಯದವರು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊಸ ಊರಿಗೆ ನಡೆದು ಬರಬಲ್ಲ ವಯಸ್ಸಿನವರು. ತಾತನ ವಯಸ್ಸನ್ನು ಊಹೆಯಿಂದ ಬರೆಯಬೇಡಿ. ಅವರು ಓದಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನ ಮತ್ತು ತಂದೆಯ ಹೆಸರು ಸಿಗಬಹುದು, ಶಾಲೆಗೆ ಹೋಗದಿದ್ದರೆ ಅವರ ತಮ್ಮನದೋ ದಾಯಾದಿಯದೋ ಸಿಗಬಹುದು. ಆ ದಿನಾಂಕವನ್ನೂ ಮೇಷ್ಟರು ಅಂದಾಜಿನಿಂದ ಬರೆದಿರುವ ಸಂಭವ ಉಂಟು, ಆದ್ದರಿಂದ ಅದಕ್ಕೆ ಎರಡು ಮೂರು ವರ್ಷಗಳ ಆಚೀಚೆ ಜಾಗ ಬಿಡಿ.

ಈಗ ಹೊಲಕ್ಕೆ ಬರೋಣ. ನಿಮ್ಮ ಕುಟುಂಬದ ಅತ್ಯಂತ ಹಳೆಯ ಜಮೀನಿನ ಸರ್ವೆ ನಂಬರನ್ನು ಆರಿಸಿಕೊಳ್ಳಿ. ಇಂದಿನ ಪಹಣಿಯಲ್ಲಿ ಖಾತೆ ಹೇಗೆ ಬಂತೆಂದು ತಿಳಿಸುವ ಕಲಂನಲ್ಲಿ ಪೌತಿ, ವಿಭಾಗ, ಕ್ರಯ ಎಂಬಂತಹ ಮಾತೂ ಅದರ ಜೊತೆಗೆ ಮ್ಯುಟೇಶನ್ ನಂಬರೂ ಇರುತ್ತವೆ. ಆ ನಂಬರನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಶನ್ ರಿಜಿಸ್ಟರ್, ಅಲ್ಲಿಂದ ಕೈಬರಹದ ಹಳೆಯ ಪಹಣಿಗಳು, ಅಲ್ಲಿಂದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ಆರ್.ಆರ್. ಎಂದು ಕರೆಯುವ ಹಕ್ಕು ದಾಖಲೆ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪೌತಿ ಖಾತೆಯ ಪ್ರತಿ ನಮೂದೂ ಅಮೂಲ್ಯ, ಏಕೆಂದರೆ ಸತ್ತವರ ಹೆಸರು, ವಾರಸುದಾರರ ಹೆಸರು ಮತ್ತು ಅವರ ಸಂಬಂಧ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಮೆಟ್ಟಿಲು ಹಾರಬೇಡಿ. ನೇರವಾಗಿ ನೂರು ವರ್ಷ ಹಿಂದಿನ ಪುಸ್ತಕವನ್ನು ತೆರೆದವರಿಗೆ ಸಿಗುವುದು ಸಂಬಂಧ ಗೊತ್ತಿಲ್ಲದ ಹೆಸರುಗಳು ಮಾತ್ರ.

ಮೈಸೂರು ಸಂಸ್ಥಾನದ ಕಂದಾಯ ಸರ್ವೆ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿತು. ಸುಮಾರು ಮೂವತ್ತು ವರ್ಷಗಳ ಅವಧಿ ಮುಗಿದ ಮೇಲೆ ಎರಡನೆಯ ಸುತ್ತಿನ ಸರ್ವೆ ನಡೆಯಿತು. ನಿಮ್ಮ ಪ್ರಶ್ನೆಗೆ ಈ ಎರಡು ಸುತ್ತುಗಳ ನಡುವಿನ ಅಂತರವೇ ಕೀಲಿಕೈ. ನಿಮ್ಮ ಊರಿನ ಮೊದಲ ಸರ್ವೆಯ ಕಾಗದಗಳನ್ನೂ ಎರಡನೆಯದನ್ನೂ ಪಡೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯದು ಬರಕ್ಕಿಂತ ಹಿಂದಿನದಾಗಿದ್ದು, ಅದರಲ್ಲಿ ನಿಮ್ಮ ಹೊಲ ಬೇರೊಬ್ಬರ ಹೆಸರಿನಲ್ಲಿಯೋ ಸರ್ಕಾರಿ ಬೀಳು ಎಂದೋ ಇದ್ದು, ಎರಡನೆಯದರಲ್ಲಿ ಕೊಟ್ರಪ್ಪ ಎಂದು ಬಂದಿದ್ದರೆ, ನಿಮ್ಮ ಮನೆಯ ಮಾತಿಗೆ ದಾಖಲೆಯ ಬಲ ಸಿಕ್ಕಿತು. ಕೊಟ್ರಪ್ಪನವರು ಮೊದಲನೆಯದರಲ್ಲಿಯೇ ಇದ್ದರೆ ಮನೆಯ ಕಥೆಯನ್ನು ಮತ್ತೆ ಯೋಚಿಸಬೇಕು, ಅವರು ಧಾತು ಈಶ್ವರಕ್ಕಿಂತ ಮೊದಲೇ ಬಂದವರು. ಬೀಳು ಜಮೀನಾಗಿದ್ದರೆ ದರಖಾಸ್ತಿನ ಕಾಗದವನ್ನು ಕೇಳಲು ಮರೆಯಬೇಡಿ. ಸರ್ಕಾರಿ ಜಮೀನಿಗೆ ದರಖಾಸ್ತು ಹಾಕಿದವರು ಯಾವ ಊರಿನ ವಾಸಿ ಎಂಬುದು ಆ ಅರ್ಜಿಯಲ್ಲಿ ನಮೂದಾಗಿರುವುದುಂಟು. ಟಿಪ್ಪಣಿ, ಆಕಾರ್‌ಬಂದ್ ಮೊದಲಾದ ಅಳತೆಯ ಕಾಗದಗಳು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಇರುತ್ತವೆ. ಅಲ್ಲಿಗೆ ಬೇರೆಯಾಗಿ ನಕಲು ಅರ್ಜಿ ಕೊಡಬೇಕು.

ನಿಮ್ಮ ಮನೆಯಲ್ಲಿ ತಾತ ಮತ್ತು ಮೊಮ್ಮಗನಿಗೆ ಒಂದೇ ಹೆಸರು ಇರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೆಯ ಕಾಗದಗಳಲ್ಲಿ ಸಂವತ್ಸರ ಮಾತ್ರ ಬರೆದು ಶಕವರ್ಷವನ್ನು ಬಿಡುವುದುಂಟು. ‘ಬಹುಧಾನ್ಯ ಸಂವತ್ಸರದಲ್ಲಿ ಕೊಟ್ರಪ್ಪ ಬರೆಸಿಕೊಟ್ಟ ಭೋಗ್ಯಪತ್ರ’ ಎಂಬ ಕಾಗದ ಸಿಕ್ಕಿತೆಂದು ಇಟ್ಟುಕೊಳ್ಳಿ. ಬಹುಧಾನ್ಯ 1878-79ರಲ್ಲಿ ಬಂದಿದೆ, ಅರವತ್ತು ವರ್ಷಗಳ ನಂತರ 1938-39ರಲ್ಲಿ ಮತ್ತೆ ಬಂದಿದೆ. ಮೊದಲನೆಯದಾದರೆ ಆ ಕೊಟ್ರಪ್ಪ ಊರಿಗೆ ಬಂದ ಹಿರಿಯರು, ಎರಡನೆಯದಾದರೆ ನಿಮ್ಮ ತಾತ. ಶಾಲಿವಾಹನ ಶಕ 1800 ಎಂದು ಜೊತೆಗೆ ಬರೆದಿದ್ದರೆ ಅದಕ್ಕೆ 78 ಕೂಡಿಸಿ 1878 ಎಂದು ನಿರ್ಧರಿಸಬಹುದು. ಶಕ ಇಲ್ಲದಿದ್ದರೆ ಛಾಪಾ ಕಾಗದದ ಮುದ್ರೆ, ಬರೆದ ಶ್ಯಾನುಭೋಗರ ಹೆಸರು, ಸಾಕ್ಷಿ ಹಾಕಿದವರ ಹೆಸರು ಇವುಗಳಿಂದ ಕಾಲವನ್ನು ಗುರುತಿಸಬೇಕು. ಸಾಕ್ಷಿದಾರರಲ್ಲಿ ಒಬ್ಬರ ಕಾಲ ಬೇರೆ ಕಾಗದದಿಂದ ಗೊತ್ತಾದರೂ ಸಾಕು.

ಸಬ್ ರಿಜಿಸ್ಟ್ರಾರ್ ಕಚೇರಿಯನ್ನು ಜನ ಸಾಮಾನ್ಯವಾಗಿ ತಮ್ಮ ಹಿರಿಯರು ಮಾಡಿದ ಕ್ರಯ, ಭೋಗ್ಯ, ಪಾಲುಪಾರೀಕತ್ತುಗಳಿಗಾಗಿ ಮಾತ್ರ ನೋಡುತ್ತಾರೆ. ಅಂತಹ ಪತ್ರ ಇಲ್ಲವೆಂದು ತಿಳಿದ ಕೂಡಲೇ ಹಿಂದಿರುಗುತ್ತಾರೆ. ಆದರೆ ಪ್ರತಿಯೊಂದು ಪತ್ರದಲ್ಲೂ ಚೆಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಮನೆ. ನಿಮ್ಮ ಹಿರಿಯರು ಜೀವಮಾನದಲ್ಲಿ ಒಂದೂ ಪತ್ರ ಮಾಡಿಸದಿದ್ದರೂ ಅವರ ಅಕ್ಕಪಕ್ಕದವರು ಮಾಡಿಸಿರುತ್ತಾರೆ, ಆ ಪತ್ರಗಳಲ್ಲಿ ನಿಮ್ಮ ಹಿರಿಯರು ಗಡಿಯಾಗಿ ನಿಂತಿರುತ್ತಾರೆ. ನನ್ನ ತಾಯಿಯ ಕಡೆಯ ಮುತ್ತಜ್ಜನ ತಂದೆಯ ಹೆಸರು ನನಗೆ ಸಿಕ್ಕಿದ್ದು ಹೀಗೆ. ಆರು ವರ್ಷ ನಮ್ಮವರ ಹೆಸರಿನ ಪತ್ರಗಳನ್ನು ಹುಡುಕಿ ಸೋತ ಮೇಲೆ, ಪಕ್ಕದ ಹೊಲದವರು ಮಾಡಿದ್ದ ಕ್ರಯಪತ್ರವೊಂದರಲ್ಲಿ ‘ಉತ್ತರಕ್ಕೆ’ ಎಂಬ ಪದದ ಮುಂದೆ ಅವರ ಹೆಸರು, ಅವರ ತಂದೆಯ ಹೆಸರು, ಜೊತೆಗೆ ಯಾರೂ ಕೇಳಿರದ ತಮ್ಮನೊಬ್ಬನ ಹೆಸರು ಇದ್ದವು. ಆ ದಿನ ಆ ಪುಟವನ್ನು ಮುಟ್ಟಿಕೊಂಡು ಬಹಳ ಹೊತ್ತು ಕುಳಿತಿದ್ದೆ. ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ಪತ್ರಗಳ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲು ಮತ್ತು ದತ್ತು ಅಧಿಕಾರ ಪತ್ರಗಳಿಗೆ ಮೂರನೆಯ ಪುಸ್ತಕವಿದೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನೂ ಯಾರಾದರೂ ಕೇಳಿ ಪಡೆಯಬಹುದು. ದತ್ತಿನ ವಿಚಾರವನ್ನು ಲಘುವಾಗಿ ಕಾಣಬೇಡಿ. ದತ್ತು ಹೋದವರ ತಂದೆಯ ಹೆಸರು ಬದಲಾಗುತ್ತದೆ, ಮನೆಅಳಿಯನಾಗಿ ಬಂದವರ ಮಕ್ಕಳು ತಾಯಿಯ ಮನೆತನದ ಹೆಸರಿನಿಂದಲೇ ಗುರುತಾಗುತ್ತಾರೆ, ಆಗ ಒಬ್ಬನೇ ವ್ಯಕ್ತಿ ಕಾಗದದಲ್ಲಿ ಇಬ್ಬರಾಗಿ ಕಾಣುತ್ತಾನೆ.

ಊರಿನ ಶ್ಯಾನುಭೋಗರ ವಂಶಸ್ಥರನ್ನೂ ವಿಚಾರಿಸಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದಾಗ ದಫ್ತರಗಳು ಸರ್ಕಾರದ ವಶಕ್ಕೆ ಹೋಗಬೇಕಾಗಿತ್ತು. ಖಾಸಗಿ ಕಟ್ಟುಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಉಳಿದವು. ಹೋಗುವಾಗ ಹಕ್ಕಿನಿಂದ ಕೇಳುವ ಧಾಟಿ ಬೇಡ, ಅದು ಅವರ ಹಿರಿಯರ ಕೈಬರಹ. ಪಾಲಿನ ದಾವೆ ನಡೆದ ಮನೆತನವಾದರೆ ಸಿವಿಲ್ ಕೋರ್ಟಿನ ಡಿಕ್ರಿಯ ನಕಲು ಮತ್ತು ದಾವೆಯ ಪ್ರತಿಯೂ ಉಪಯುಕ್ತ, ಅವುಗಳಿಗೆ ವಂಶವೃಕ್ಷವನ್ನು ಲಗತ್ತಿಸಿರುತ್ತಾರೆ. ದಾವೆ ಹೂಡಿದವರ ವಂಶವೃಕ್ಷದಲ್ಲಿ ಎದುರಾಳಿ ಶಾಖೆ ಬಿಟ್ಟುಹೋಗಿರಬಹುದಾದ್ದರಿಂದ ಪ್ರತಿವಾದಿಯ ಉತ್ತರವನ್ನೂ ಜೊತೆಗೇ ಓದಬೇಕು.

ಇಷ್ಟಾದ ಮೇಲೆ ಗಡಿ ದಾಟುವ ಕೆಲಸ. ಹರಪನಹಳ್ಳಿ, ಹೂವಿನಹಡಗಲಿ, ಕೊಟ್ಟೂರು ಸೀಮೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಆಳ್ವಿಕೆಯಲ್ಲಿತ್ತು. ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಅದೂ ಒಂದು. ಥಾಮಸ್ ಮನ್ರೋ ಅಲ್ಲಿ ರೈತರಿಗೆ ನೇರವಾಗಿ ಪಟ್ಟಾ ಕೊಡುವ ರೈತವಾರಿ ಪದ್ಧತಿಯ ಬುನಾದಿ ಹಾಕಿದ್ದನು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಒಂದೇ ಊರಿನ ಕಾಗದಗಳು ಇಷ್ಟು ಕಡೆ ಹಂಚಿಹೋಗಿರಬಹುದು ಎಂಬುದನ್ನು ತಿಳಿದೇ ಹೊರಡಬೇಕು. ಮದರಾಸು ಆಳ್ವಿಕೆಯ ಕಾಲದ ಮೇಲ್ಮಟ್ಟದ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. 1858ರಲ್ಲಿ ನೇಮಕವಾದ ಅಲ್ಲಿನ ಇನಾಂ ಆಯೋಗದ ಫೇರ್ ರಿಜಿಸ್ಟರ್‌ನಲ್ಲಿ ಇನಾಂದಾರರ ಹೆಸರು, ವಯಸ್ಸು, ಮೂಲ ದಾನ ಪಡೆದವರ ಹೆಸರು ಸಿಗುತ್ತವೆ, ಆದರೆ ನಿಮ್ಮ ಹಿರಿಯರಿಗೆ ಇನಾಂ ಇರದಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ಗ್ರಾಮದ ಸೆಟ್ಲ್‌ಮೆಂಟ್ ರಿಜಿಸ್ಟರ್, ಚಿಟ್ಟಾ (ಪಟ್ಟಾದಾರರ ಜಮೀನಿನ ಪಟ್ಟಿ) ಮತ್ತು ಅಡಂಗಲ್ (ಹೊಲವಾರು ಸಾಗುವಳಿಯ ಲೆಕ್ಕ). ಅವುಗಳಿಗೆ ಮೊದಲು ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿಯೇ ಕೇಳಿ.

ಆ ಕಡೆಯ ಕಾಗದಗಳಲ್ಲಿ ವರ್ಷವನ್ನು ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದ ಲೆಕ್ಕದಲ್ಲಿ, ಬರೆಯುತ್ತಿದ್ದರು. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾಗುವ ಇಸವಿ ಬರುತ್ತದೆ, ವರ್ಷ ಜುಲೈ 1ರಿಂದ ಮೊದಲಾಗುತ್ತದೆ. ಹಾಗಾಗಿ ಬರದ ನಡುವಣ ಫಸಲಿ 1287 ಎಂದರೆ 1877ರ ಜುಲೈನಿಂದ 1878ರ ಜೂನ್‌ವರೆಗೆ. ಅಲ್ಲಿ ನೀವು ಹುಡುಕಬೇಕಾದದ್ದು ಒಬ್ಬ ಕೊಟ್ರಪ್ಪ ಇದ್ದಾನೆಯೇ ಎಂಬುದನ್ನಲ್ಲ, ಒಬ್ಬ ಕೊಟ್ರಪ್ಪ ಇಲ್ಲವಾಗಿದ್ದಾನೆಯೇ ಎಂಬುದನ್ನು. ಬರಕ್ಕೆ ಮೊದಲಿನ ಪಟ್ಟಿಯಲ್ಲಿದ್ದು, ಬರದ ವರ್ಷಗಳಲ್ಲಿ ಜಮೀನಿಗೆ ರಾಜೀನಾಮೆ ಕೊಟ್ಟೋ ಬಾಕಿಗಾಗಿ ಹರಾಜಿನಲ್ಲಿ ಕಳೆದುಕೊಂಡೋ, ನಂತರದ ಪಟ್ಟಿಯಲ್ಲಿ ಕಾಣದಿರುವ ಹೆಸರು ನಿಮಗೆ ಬೇಕು. ನಿಮಗೆ ಸಿಕ್ಕಿರುವ ಹರಪನಹಳ್ಳಿಯ ವಂಶವೃಕ್ಷದ ಕೊಟ್ರಪ್ಪನವರಿಗೆ ಆ ಊರಿನಲ್ಲಿಯೇ ಮಕ್ಕಳು ಮೊಮ್ಮಕ್ಕಳು ಇದ್ದು 1890ರ ನಂತರವೂ ಅವರ ಹೆಸರಿನಲ್ಲಿ ಖಾತೆ ಮುಂದುವರಿದಿದ್ದರೆ, ಅವರು ನಿಮ್ಮವರಾಗಿರಲಾರರು. ಅವರ ಶಾಖೆ ‘ಸಂತತಿ ತಿಳಿಯದು’ ಎಂದೋ ‘ಊರು ಬಿಟ್ಟರು’ ಎಂದೋ ನಿಂತಿದ್ದರೆ ಮಾತ್ರ ಮುಂದುವರಿಯಿರಿ.

ಇಲ್ಲಿ ಹೆಳವರ ಅಗತ್ಯ ಬರುತ್ತದೆ. ಸರ್ಕಾರದ ಪುಸ್ತಕ ಊರಿನ ಗಡಿಗೆ ನಿಂತುಹೋಗುತ್ತದೆ. ಹೆಳವರ ಹೊತ್ತಿಗೆ ಮನೆತನದ ಹಿಂದೆಯೇ ಹೋಗುತ್ತದೆ. ಒಕ್ಕಲು ಊರು ಬಿಟ್ಟು ಹೋದರೆ ಹೆಳವರೂ ಹುಡುಕಿಕೊಂಡು ಹೊಸ ಊರಿಗೆ ಹೋಗುತ್ತಿದ್ದರು, ಏಕೆಂದರೆ ಅವರ ಜೀವನ ನಡೆಯುತ್ತಿದ್ದುದೇ ಒಕ್ಕಲು ಕೊಡುವ ಕಾಳು, ಬಟ್ಟೆ, ಹಣ, ಕೆಲವೊಮ್ಮೆ ಒಂದು ಕರು, ಇವುಗಳಿಂದ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತಾ ಮನೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರನ್ನು ನಿಲ್ಲಿಸದೆ ಹೇಳುತ್ತಿದ್ದ ಅವರನ್ನು ಭಿಕ್ಷೆಯವರೆಂದು ಬಾಗಿಲಿನಿಂದಲೇ ಕಳುಹಿಸಿದ ಮನೆಗಳು ಈಗ ತಮ್ಮ ತಾತನ ತಂದೆಯ ಹೆಸರಿಗಾಗಿ ಪರದಾಡುತ್ತಿವೆ. ಆ ನಷ್ಟ ನನ್ನನ್ನು ನಿಜವಾಗಿ ನೋಯಿಸುತ್ತದೆ.

ಪ್ರತಿಯೊಂದು ಹೆಳವ ಮನೆತನಕ್ಕೂ ಇಂತಿಂಥ ಊರುಗಳ ಇಂತಿಂಥ ಒಕ್ಕಲು ಎಂದು ಹಕ್ಕಿನ ಹಂಚಿಕೆ ಇರುತ್ತದೆ, ಅಣ್ಣತಮ್ಮಂದಿರು ಬೇರೆಯಾದಾಗ ಜಮೀನಿನಂತೆಯೇ ಒಕ್ಕಲನ್ನೂ ಹಂಚಿಕೊಳ್ಳುತ್ತಾರೆ. ಆದ್ದರಿಂದ ಯಾರಾದರೊಬ್ಬ ಹೆಳವರು ಸಿಕ್ಕರೆ ಸಾಲದು, ನಿಮ್ಮ ಒಕ್ಕಲಿನವರೇ ಸಿಗಬೇಕು. ನಿಮ್ಮ ಬೆಡಗಿನ ದಾಯಾದಿಗಳು ಬೇರೆ ಊರುಗಳಲ್ಲಿದ್ದರೆ ಅಲ್ಲಿಗೆ ಈಗಲೂ ಬರುತ್ತಿದ್ದಾರೆಯೇ ಎಂದು ಮೊದಲು ಕೇಳಿ. ಸುಗ್ಗಿ ಮುಗಿದು ಕಣದಲ್ಲಿ ಕಾಳು ಬೀಳುವ ಹೊತ್ತಿಗೆ ಅವರು ಸಂಚಾರಕ್ಕೆ ಹೊರಡುವುದು ರೂಢಿ. ಬೇರೆ ಒಕ್ಕಲಿನ ಹೆಳವರು ಸಿಕ್ಕರೂ ಕೈಬಿಡಬೇಡಿ, ನಿಮ್ಮ ಸೀಮೆಯ ಹಕ್ಕು ಯಾರಿಗೆ ಸೇರಿದ್ದೆಂದು ಅವರು ಒಬ್ಬರಿಗೊಬ್ಬರು ಬಲ್ಲರು. ಮೂವತ್ತು ವರ್ಷ ಬಾರದಿದ್ದ ಮಾತ್ರಕ್ಕೆ ಹೊತ್ತಿಗೆ ಹಾಳಾಗಿದೆ ಎಂದಲ್ಲ. ಮಗ ನೌಕರಿಗೆ ಹೋಗಿ, ಹೊತ್ತಿಗೆ ಮನೆಯ ಪೆಟ್ಟಿಗೆಯಲ್ಲಿ ಇರುವುದೂ ಉಂಟು.

ಹೆಳವರ ಹೇಳಿಕೆಯನ್ನು ತೂಗಿ ನೋಡುವುದಕ್ಕೂ ಒಂದು ಕ್ರಮವಿದೆ. ಪ್ರತಿ ಭೇಟಿಯಲ್ಲಿ ಹೊಸದಾಗಿ ಹುಟ್ಟಿದವರನ್ನು ಸೇರಿಸುತ್ತಾ ಬಂದಿರುವುದರಿಂದ ಕೆಳಗಿನ ಐದಾರು ತಲೆಮಾರುಗಳು ಸಾಮಾನ್ಯವಾಗಿ ಗಟ್ಟಿ. ಅದಕ್ಕೂ ಮೇಲೆ ಮೂಲಪುರುಷ, ದೇವರ ವರ, ರಾಜರಿಂದ ಬಿರುದು ಎಂದು ಸಾಗುವ ಭಾಗವು ಒಕ್ಕಲಿನ ಹೆಮ್ಮೆಗಾಗಿ ಹಾಡುವ ಭಾಗ. ಅದನ್ನು ಗೌರವದಿಂದ ಬರೆದುಕೊಳ್ಳಿ, ಆದರೆ ವಂಶವೃಕ್ಷದ ರೇಖೆಯಾಗಿ ಎಳೆಯಬೇಡಿ. ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿ ಇರುವುದಿಲ್ಲ, ಮಕ್ಕಳಿಲ್ಲದೆ ತೀರಿಕೊಂಡ ತಮ್ಮಂದಿರೂ ಬಿಟ್ಟುಹೋಗಿರಬಹುದು. ನಿಮ್ಮ ಬಳಿ ಇರುವ ಹೆಸರುಗಳನ್ನು ಮೊದಲೇ ಹೇಳಿಬಿಡಬೇಡಿ. ಅವರು ಹೇಳಿ ಮುಗಿಸಲಿ, ಆಮೇಲೆ ನಿಮ್ಮ ಪಹಣಿಯ ಹೆಸರುಗಳೊಂದಿಗೆ ಹೋಲಿಸಿ. ನೀವು ಮೊದಲೇ ಉಚ್ಚರಿಸಿದ ಹೆಸರು ಅವರ ಬಾಯಿಂದ ಬಂದರೆ ಅದು ಸಾಕ್ಷ್ಯವಾಗುವುದಿಲ್ಲ. ಧ್ವನಿಮುದ್ರಣಕ್ಕೂ ಹೊತ್ತಿಗೆಯ ಚಿತ್ರಕ್ಕೂ ಮುಂಚಿತವಾಗಿ ಒಪ್ಪಿಗೆ ಕೇಳಿ. ಅದು ಅವರ ಆಸ್ತಿ, ಅವರ ಅನ್ನ.

ಹರಪನಹಳ್ಳಿಯ ಮನೆತನವನ್ನು ನಿಮ್ಮದೆಂದು ಒಪ್ಪಿಕೊಳ್ಳಲು ನಾನು ಕೇಳುವ ರುಜುವಾತು ಇಷ್ಟು: ಬೆಡಗು ಒಂದೇ ಆಗಿರಬೇಕು, ಕೊಟ್ರಪ್ಪನವರ ಜೊತೆಗೆ ಅವರ ತಂದೆ ಅಥವಾ ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಸರಾದರೂ ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳಲ್ಲಿ ಹೊಂದಬೇಕು, ಮತ್ತು ಆ ಮನೆಯವರ ನೆನಪಿನಲ್ಲಿಯೋ ಕಾಗದದಲ್ಲಿಯೋ ಒಂದು ಶಾಖೆ ಬರದ ಕಾಲದಲ್ಲಿ ದಕ್ಷಿಣಕ್ಕೆ ಹೋದ ಕುರುಹು ಇರಬೇಕು. ನಿಮ್ಮ ಮುತ್ತಜ್ಜಿಯ ತವರು ಆ ಊರಿನ ಸುತ್ತಮುತ್ತಲೇ ಇದ್ದರೆ ನನ್ನ ಸಂಶಯ ಬಹುಮಟ್ಟಿಗೆ ತೀರುತ್ತದೆ. ಇವುಗಳಲ್ಲಿ ಬೆಡಗು ಹೊಂದದಿದ್ದರೆ ಉಳಿದವು ಎಷ್ಟೇ ಚೆನ್ನಾಗಿ ಹೊಂದಿದರೂ ಕೈಬಿಡಿ. ಅಲ್ಲಿಯವರೆಗೆ ನಿಮ್ಮ ನಕ್ಷೆಯಲ್ಲಿ ಆ ಜೋಡಣೆಯನ್ನು ಚುಕ್ಕೆಗೆರೆಯಿಂದ ತೋರಿಸಿ, ಪ್ರತಿ ಹೆಸರಿನ ಪಕ್ಕದಲ್ಲಿ ಅದು ಯಾವ ಕಾಗದದಿಂದ ಅಥವಾ ಯಾರ ಬಾಯಿಂದ ಬಂತೆಂದು ತಾರೀಖಿನೊಂದಿಗೆ ಬರೆಯಿರಿ.

ಇದೇ ಬಗೆಯ ಹುಡುಕಾಟದಲ್ಲಿರುವ ಬೇರೆ ಓದುಗರಿಗಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಇಳಿಯುವುದರಿಂದ ಆಸ್ತಿಯ ಕಾಗದದಲ್ಲಿ ಒಂದರ ಕೆಳಗೊಂದು ಬರುವ ಹೆಸರುಗಳು ತಂದೆ ಮಕ್ಕಳದ್ದಲ್ಲ; ಅಲ್ಲಿ ಬಳಿ (ತಾಯಿಯ ಕಡೆಯಿಂದ ಬರುವ ಗೋತ್ರ), ಕವರು (ಕುಟುಂಬದ ಶಾಖೆ) ಮತ್ತು ನಾಗಮೂಲವನ್ನು (ಕುಟುಂಬದ ನಾಗನ ಮೂಲಸ್ಥಾನ) ಹಿಡಿದು ಹೋಗಬೇಕು. ಕಾಶಿ, ಗಯೆ, ತ್ರ್ಯಂಬಕೇಶ್ವರಗಳಿಗೆ ಪಿತೃಕಾರ್ಯಕ್ಕೆ ಹೋದ ಮನೆತನಗಳ ಹೆಸರು ಅಲ್ಲಿನ ತೀರ್ಥಪುರೋಹಿತರ ವಹಿಗಳಲ್ಲಿ ಇರುತ್ತದೆ. ಆ ವಹಿಗಳನ್ನು ಅಕಾರಾದಿಯಾಗಿ ಅಲ್ಲದೆ ಊರು ಮತ್ತು ಜಾತಿಯ ಕ್ರಮದಲ್ಲಿ ಇಡುವುದರಿಂದ ಮೂಲ ಊರಿನ ಹೆಸರು ಹೇಳದೆ ಏನೂ ಸಿಗದು. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಿಗೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬಲ್ಲವರು ಬೇಕು. ಭೂಮಿಯೇ ಇಲ್ಲದಿದ್ದ ಕುಟುಂಬಗಳ ವಿಷಯದಲ್ಲಿ, ಅದರಲ್ಲೂ ತಳವಾರಿಕೆ, ತೋಟಿ, ನೀರಗಂಟಿ ಕೆಲಸ ಮಾಡಿದ ದಲಿತ ಮತ್ತು ಹಿಂದುಳಿದ ಮನೆತನಗಳ ವಿಷಯದಲ್ಲಿ, ದಾಖಲೆಯೇ ಇಲ್ಲವೆಂದು ಹೇಳಿ ಕಳುಹಿಸುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಆ ಸೇವೆಗಳಿಗೆ ಇನಾಂ ಜಮೀನು ಇರುತ್ತಿತ್ತು, ಮತ್ತು 1961ರ ಕಾಯ್ದೆಯ ನಂತರ ಅದನ್ನು ಮರುಮಂಜೂರು ಮಾಡುವಾಗ ನಡೆದ ವಿಚಾರಣೆಯ ಕಡತಗಳಲ್ಲಿ ಹುದ್ದೆ ನಡೆಸಿದವರ ಹೆಸರು ಮತ್ತು ವಾರಸಿನ ವಿವರ ಸಿಗುತ್ತದೆ. ಆ ಕಡತಗಳನ್ನು ಹೆಸರಿಟ್ಟು ಕೇಳಿ.

ಕೊನೆಯದಾಗಿ ನಿಮಗೆ: ಹೆಳವರು ಸಿಕ್ಕು, ಅವರು ಮನೆಗೆ ಬಂದ ದಿನ, ನಿಮ್ಮ ಹಿರಿಯರ ಹೆಸರು ಕೇಳುವುದರ ಜೊತೆಗೆ ಮೂವತ್ತು ವರ್ಷಗಳಲ್ಲಿ ಬಿಟ್ಟುಹೋದ ಹೆಸರುಗಳನ್ನೂ ಅವರಿಂದ ಬರೆಸಿ. ನಿಮ್ಮ ಮಕ್ಕಳ ಹೆಸರು, ನಿಮ್ಮ ಅಣ್ಣತಮ್ಮಂದಿರ ಮಕ್ಕಳ ಹೆಸರು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಮತ್ತು ಅವರು ಸೇರಿದ ಊರು, ಬಂದ ಸೊಸೆಯರ ತವರು. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿ ಇಲ್ಲವೆಂದು ಅವರು ಹೇಳಿದರೆ, ನಮ್ಮ ಒಕ್ಕಲಿಗೆ ಬರೆಯಿರಿ ಎಂದು ಕೇಳಿಕೊಳ್ಳಿ.